ಯಾವ ದೇವರ ಒಕ್ಕಲು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹೆಣ್ಣು ಗಂಡಿನ ಮಾತುಕತೆ ಶುರುವಾದರೆ ಹಿರಿಯರು ಮೊದಲು ಕೇಳುವ ಪ್ರಶ್ನೆ ಒಂದೇ: “ನಿಮ್ದು ಯಾವ ದೇವ್ರ ಒಕ್ಲು?” ಹುಡುಗನ ಓದು, ನಾಲೆ ಬಯಲಿನ ಜಮೀನು, ಬೆಂಗಳೂರಿನ ಕೆಲಸ ಎಲ್ಲವೂ ಆಮೇಲಿನ ಮಾತು. ಎರಡೂ ಮನೆಯವರು ಒಂದೇ ದೇವರ ಒಕ್ಕಲಾಗಿದ್ದರೆ ಅವರು ಅಣ್ಣತಮ್ಮಂದಿರು. ಮುಖ ಪರಿಚಯವೇ ಇಲ್ಲದಿದ್ದರೂ ಸರಿ, ಅಲ್ಲಿಗೆ ಮಾತು ಮುಗಿಯಿತು. ಲಿಂಗಾಯತರಲ್ಲಿ ಇದನ್ನೇ ಬೆಡಗು ಎನ್ನುತ್ತಾರೆ, ಬ್ರಾಹ್ಮಣರಲ್ಲಿ ಗೋತ್ರ. ಊರಿನ ಹೆಸರನ್ನೇ ಹೊತ್ತ ಮಂಡ್ಯಂ ಅಯ್ಯಂಗಾರರು ತಮ್ಮ ಹಿರಿಯರು ತಿರುಪತಿ ಕಡೆಯಿಂದ ಬಂದವರೆಂದು ಇಂದಿಗೂ ಹೇಳಿಕೊಳ್ಳುತ್ತಾರೆ. ಹೆಸರು ಯಾವುದಾದರೂ ದಾರಿ ಒಂದೇ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ.

ಯುರೋಪು, ಅಮೆರಿಕಗಳಲ್ಲಿ ಈ ಪ್ರಶ್ನೆಯನ್ನು ಈಗ ಪ್ರಯೋಗಾಲಯಗಳಿಗೆ ಕೇಳುತ್ತಾರೆ. ಪುಟ್ಟ ಕೊಳವೆಯಲ್ಲಿ ಎಂಜಲು ತುಂಬಿ ಅಂಚೆಗೆ ಹಾಕಿದರೆ, ಕೆಲವು ವಾರಗಳಲ್ಲಿ ಬೇರು ಎಲ್ಲಿಯದೆಂಬ ಉತ್ತರ ಬರುತ್ತದೆ. ಗಂಡಸರ ಮಟ್ಟಿಗೆ ಈ ಪರೀಕ್ಷೆ ಹಿಡಿಯುವ ಎಳೆ ವೈ ವರ್ಣತಂತು. ಅದು ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ, ಬಹುಪಾಲು ಬದಲಾಗದೆ ಇಳಿದು ಬರುತ್ತದೆ. ಹಲವು ತಲೆಮಾರಿಗೊಮ್ಮೆ ಅದರಲ್ಲಿ ಸಣ್ಣ ತಿದ್ದುಪಡಿಯಾಗುತ್ತದೆ, ಆ ತಿದ್ದುಪಡಿ ಮುಂದಿನ ಎಲ್ಲ ಗಂಡುಸಂತಾನದಲ್ಲೂ ಉಳಿಯುತ್ತದೆ. ಇಂಥ ಗುರುತುಗಳನ್ನು ಜೋಡಿಸಿ ವಿಜ್ಞಾನಿಗಳು ಮನುಷ್ಯಕುಲದ ಗಂಡುಸಾಲಿಗೆ ಒಂದು ದೊಡ್ಡ ಮರವನ್ನೇ ಬರೆದು, ಕೊಂಬೆಗಳಿಗೆ ಅಕ್ಷರಗಳ ಹೆಸರಿಟ್ಟಿದ್ದಾರೆ. ದಕ್ಷಿಣ ಭಾರತದಲ್ಲಿ ಎಚ್, ಎಲ್, ಆರ್ ಕೊಂಬೆಗಳು ಹೆಚ್ಚಾಗಿ ಸಿಗುತ್ತವೆ. ಒಂದು ಲೆಕ್ಕದಲ್ಲಿ ಇದೂ ಒಕ್ಕಲಿನ ಪಟ್ಟಿಯೇ, ದೇವರ ಹೆಸರೊಂದು ಇಲ್ಲ ಅಷ್ಟೆ.

ಹಾಗಾದರೆ ಈ ಎರಡು ಪಟ್ಟಿಗಳು ತಾಳೆಯಾಗುತ್ತವೆಯೇ?

ಇಂಗ್ಲೆಂಡಿನ ರಾಜಮನೆತನದಲ್ಲೇ ಆಗಲಿಲ್ಲ. 1485ರಲ್ಲಿ ಯುದ್ಧದಲ್ಲಿ ಸತ್ತ ಮೂರನೇ ರಿಚರ್ಡ್ ದೊರೆಯ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿ ಸಿಕ್ಕಿತು. ಡಿಎನ್‌ಎ ಪರೀಕ್ಷೆಯ ವಿವರ ಪ್ರಕಟವಾದದ್ದು 2014ರಲ್ಲಿ. ತಾಯಿಯಿಂದ ಮಾತ್ರ ಇಳಿದು ಬರುವ ಮೈಟೊಕಾಂಡ್ರಿಯದ ಡಿಎನ್‌ಎ, ಅವನ ಅಕ್ಕನ ಹೆಣ್ಣುಸಾಲಿನಲ್ಲಿ ಬದುಕಿರುವವರ ಡಿಎನ್‌ಎಗೆ ಹೊಂದಿತು. ಕಾಗದದ ವಂಶವೃಕ್ಷದ ಪ್ರಕಾರ ಗಂಡುಸಾಲಿನ ಬಂಧುಗಳೆನಿಸಿದ ಐವರ ವೈ ವರ್ಣತಂತು ಮಾತ್ರ ದೊರೆಯದಕ್ಕೆ ಹೊಂದಲೇ ಇಲ್ಲ. ನಡುವಿನ ಯಾವುದೋ ತಲೆಮಾರಿನಲ್ಲಿ ಕಾಗದದ ಅಪ್ಪನೇ ಬೇರೆ, ಹೆತ್ತ ಅಪ್ಪನೇ ಬೇರೆ ಆಗಿದ್ದ. ಐನೂರು ವರ್ಷ ಜೋಪಾನ ಮಾಡಿದ ಅರಮನೆಯ ದಾಖಲೆಯ ಗತಿಯೇ ಇದು.

ನಮ್ಮಲ್ಲಿ ಇಂಥ ಕಡೆ ಗುಟ್ಟು ಹುಡುಕಬೇಕಾಗಿಯೂ ಇಲ್ಲ. ಗಂಡುಮಕ್ಕಳಿಲ್ಲದ ಮನೆಗೆ ದತ್ತು ಬಂದ ಹುಡುಗ ಆ ಮನೆಯ ದೇವರಿಗೇ ಹರಕೆ ಹೊರುತ್ತಾನೆ. ಮನೆ ಅಳಿಯನಾಗಿ ಬಂದವನು ಮಾವನ ಹೊಲ ಉತ್ತು, ಮಾವನ ಹಿರಿಯರಿಗೆ ಎಡೆ ಇಡುತ್ತಾನೆ. ಎರಡು ತಲೆಮಾರು ಕಳೆದರೆ ಊರು ಅದನ್ನು ಮರೆತೇಬಿಡುತ್ತದೆ. ಊರಿನ ಲೆಕ್ಕದಲ್ಲಿ ಅದು ಸುಳ್ಳಲ್ಲ. ಎಡೆ ಇಟ್ಟವನೇ ಮಗ. ಪ್ರಯೋಗಾಲಯಕ್ಕೆ ಕಾಣುವುದು ರಕ್ತ ಮಾತ್ರ, ಎಡೆಯಲ್ಲ.

ಹಿರಿಯರನ್ನು ದೂರದಿಂದ ಕರೆತರುವ ಆಸೆಯೂ ಇಲ್ಲಿ ಹೊಸದಲ್ಲ. ಮಳವಳ್ಳಿಗೆ ಹತ್ತಿರದ ತಲಕಾಡಿನಿಂದ ಆಳಿದ ಗಂಗರು ತಮ್ಮನ್ನು ಜಾಹ್ನವೇಯ ಕುಲದವರು, ಕಾಣ್ವಾಯನ ಗೋತ್ರದವರು ಎಂದು ಕರೆದುಕೊಂಡರು. ಅವರ ಹೆಸರಿನ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಮೊದಲಾದ ವಿದ್ವಾಂಸರು ನಂತರದವರು ಸೃಷ್ಟಿಸಿದ ಖೊಟ್ಟಿ ದಾಖಲೆಗಳೆಂದರು. ಮೈಸೂರಿನ ಒಡೆಯರು ಯದುವಂಶ ಹಿಡಿದು ದ್ವಾರಕೆಗೆ ಹೋದರು.

ಇದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕ 872, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತದ್ದನ್ನು ಅದು ಹೇಳುತ್ತದೆ. ಆ ಯುದ್ಧದಲ್ಲಿ ಗಂಗ ಬೂತುಗನ ಕಡೆ ಕಾದಿದ ವೀರ ಮಣಲೆಯರ. ಅವನ ಬಿರುದುಗಳ ಪ್ರಕಾರ ಅವನು ಸಗರ ವಂಶದವನು, ವಲಭೀಪುರದ ಒಡೆಯ. ವಲಭಿ ಇರುವುದು ಗುಜರಾತಿನ ಸೌರಾಷ್ಟ್ರದಲ್ಲಿ. ಶಾಸನ ಹುಟ್ಟುವ ಹೊತ್ತಿಗೆ ಅಲ್ಲಿನ ಮೈತ್ರಕರ ರಾಜ್ಯ ಅಳಿದು ನೂರೈವತ್ತು ವರ್ಷ ದಾಟಿತ್ತು. ಮಣಲೆಯರನ ಹಿರಿಯರು ನಿಜಕ್ಕೂ ಅಲ್ಲಿಂದ ಬಂದರೋ, ಬಿರುದು ಮಾತ್ರ ಬಂತೋ ಎಂಬುದಕ್ಕೆ ಕಲ್ಲಿನಲ್ಲಿ ಉತ್ತರವಿಲ್ಲ. ಬೇಕು ಎಂದದ್ದನ್ನು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯೊಡನೆ ಕಾದಿ, ಎರಡೂ ಸತ್ತವು. ಕಲ್ಲು ನೆಟ್ಟದ್ದು ಆ ನಾಯಿಯ ನೆನಪಿಗೆ.

ಡಿಎನ್‌ಎ ಇಂಥ ಕಥೆಗಳನ್ನು ಒಡೆಯಲು ಮಾತ್ರ ಬರುವುದಿಲ್ಲ, ಕಳೆದುಹೋದದ್ದನ್ನು ಮರಳಿಸುವುದೂ ಉಂಟು. ಯುರೋಪಿನ ರೋಮಾ ಜನರ ವೈ ವರ್ಣತಂತಿನಲ್ಲಿ ಹೆಚ್ಚಾಗಿ ಸಿಗುವ ಎಚ್ ಕೊಂಬೆಯ ಒಂದು ಕವಲನ್ನು ಬೆನ್ನುಹತ್ತಿ, ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿದ್ದ ತಂಡ 2012ರಲ್ಲಿ ವಾಯವ್ಯ ಭಾರತವನ್ನು ತೋರಿಸಿತು. ಭಾಷಾವಿಜ್ಞಾನಿಗಳು ಅವರ ನುಡಿಯಲ್ಲಿ ಮೊದಲೇ ಕೇಳಿಸಿಕೊಂಡಿದ್ದ ಸತ್ಯವದು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಯರ ಹಿರಿಯರನ್ನು ಗುಲಾಮರನ್ನಾಗಿ ತಂದವರು ಅವರ ವಂಶಾವಳಿ ಬರೆದಿಡಲಿಲ್ಲ. ಸಿದ್ದಿಯರ ಗಂಡುಸಾಲಿನಲ್ಲಿ ಆಫ್ರಿಕದ ಬಂಟು ನುಡಿಯವರ ಕವಲುಗಳಿರುವುದನ್ನೂ, ಇಲ್ಲಿಯವರೊಡನೆ ಬೆರೆತದ್ದು ಸುಮಾರು 200 ವರ್ಷದೀಚೆಗೆ ಎಂಬುದನ್ನೂ 2011ರ ಅಧ್ಯಯನ ತೋರಿಸಿತು. ದಾಖಲೆ ಕಸಿದುಕೊಂಡವರ ಮುಂದೆ ಮೈಯೇ ದಾಖಲೆಯಾಯಿತು.

ಆದರೆ ಊರಿನಲ್ಲಿಯೇ ಉಳಿದ ನಮಗೆ ಅದು ಹೇಳುವ ಮಾತು ಬೇರೆ. ಮದ್ದೂರಿನ ರೈತನೊಬ್ಬನಿಗೂ ಪೋಲೆಂಡಿನವನೊಬ್ಬನಿಗೂ ಆರ್ ಕೊಂಬೆ ಸಿಕ್ಕರೆ ಇಬ್ಬರೂ ದಾಯಾದಿಗಳೆಂದಲ್ಲ. ಆ ಕೊಂಬೆಯ ಯುರೋಪಿನ ಕವಲೂ ಭಾರತದ ಕವಲೂ ಬೇರೆಯಾಗಿ ಐದು ಸಾವಿರ ವರ್ಷ ದಾಟಿದೆ. ಒಂದು ಕೊಂಬೆ ಒಂದೇ ಜಾತಿಯ ಸೊತ್ತೂ ಅಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಭಾರತದ ಬಹುತೇಕ ಎಲ್ಲ ಗುಂಪುಗಳೂ ಬೆರೆತವು. ಬೇಲಿ ಹಾಕಿಕೊಂಡದ್ದು ಆಮೇಲೆ.

ಇನ್ನೊಂದು ಲೆಕ್ಕವಿದೆ. ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬನಿಗೆ 1,024 ಹಿರಿಯರ ಸ್ಥಾನಗಳು. ವೈ ವರ್ಣತಂತು ಅವರಲ್ಲಿ ಒಬ್ಬನ ಗುರುತು ಮಾತ್ರ ಹೇಳುತ್ತದೆ. ಸೋದರಮಾವನ ಮಗಳನ್ನು ತರುವ ನಮ್ಮ ಸೀಮೆಯಲ್ಲಿ ಸ್ಥಾನ ಎಷ್ಟಿದ್ದರೂ ಜನ ಕಡಿಮೆ. ಅಂಥ ಮದುವೆಯ ಮಕ್ಕಳಿಗೆ ಎಂಟರ ಬದಲು ಆರೇ ಮಂದಿ ಮುತ್ತಜ್ಜ ಮುತ್ತಜ್ಜಿಯರು. ಒಂದೇ ಅಜ್ಜಿ ಎರಡು ದಾರಿಯಿಂದ ಮನೆಯೊಳಗೆ ಬಂದಿರುತ್ತಾಳೆ. ಹೆಣ್ಣು ಮದುವೆಯಾದ ದಿನವೇ ಅಪ್ಪನ ಒಕ್ಕಲು ಬಿಟ್ಟು ಗಂಡನ ಒಕ್ಕಲಿಗೆ ಸೇರುವುದರಿಂದ, ಆ ಎರಡು ದಾರಿಯಲ್ಲಿ ಒಂದಕ್ಕೂ ಅವಳ ಹೆಸರಿರುವುದಿಲ್ಲ.

ಆತಕೂರಿನ ಕಲ್ಲಿನ ಮುಂದೆ ನಿಂತಾಗ ಇದೇ ನೆನಪಾಗುತ್ತದೆ. ಅಲ್ಲಿ ವಂಶವಿದೆ, ಬಿರುದಿದೆ, ನಾಯಿಯ ಹೆಸರೂ ಇದೆ. ಮಣಲೆಯರನ ತಾಯಿಯ ಹೆಸರಿಲ್ಲ. ಯಾವ ದೇವರ ಒಕ್ಕಲು ಎಂಬ ಪ್ರಶ್ನೆಗೆ ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಉತ್ತರವಿದೆ. ಅಜ್ಜಿಯ ತವರು ಯಾವುದು ಎಂದು ಕೇಳಿ ನೋಡಿ. ಎರಡನೆಯ ಅಜ್ಜಿಯ ಹೊತ್ತಿಗೆ ಮಾತು ನಿಲ್ಲುತ್ತದೆ. ಅದನ್ನು ತಿಳಿಯಲು ಕೊಳವೆಯೂ ಬೇಡ, ಅಂಚೆಯೂ ಬೇಡ. ಹೇಳಬಲ್ಲವರು ಇನ್ನೂ ಜಗಲಿಯ ಮೇಲಿರುವಾಗಲೇ ಕೇಳಬೇಕು.