ಸೂಜಿ ಮೀಟರ್ ನಂಬಿ ಎರಡು ದಿನ ತಾರಸಿ ಮೇಲೆ

ಮೊನ್ನೆ ಅರಸೀಕೆರೆ ಎಪಿಎಂಸೀಲಿ ಹಳೇಬೀಡಿನ ಗೆಳೆಯರೊಬ್ಬರು ಸಿಕ್ಕಿ, "ಫ್ರೀ ಡಿಷ್ ನಾನೇ ಕೂರಿಸ್ಕೊಳ್ತೀನಿ, ಯಾವ ಮೀಟರ್ ತರಲಿ?" ಅಂದ್ರು. ಒಂದು ಮಾತಲ್ಲಿ ಹೇಳೋಕಾಗಲಿಲ್ಲ. ಸ್ವಲ್ಪ ಹಿಂದಿನಿಂದ ಬರಬೇಕು.

1975ರ ಆಗಸ್ಟ್ 1ರಿಂದ ಒಂದು ವರ್ಷ ‘ಸೈಟ್’ ಅನ್ನೋ ಪ್ರಯೋಗ ನಡೀತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗೆ ಟಿವಿ. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಕಡೆಗೆ ಸಿಕ್ತು, ನಮಗಿಲ್ಲ. ಡಿಷ್ 10 ಅಡಿ ಅಗಲ, ಕೋಳಿಗೂಡಿಗೆ ಹಾಕ್ತೀವಲ್ಲ ಅಂಥ ತಂತಿ ಜಾಲರಿಯದು. ಆ ಅಲೆಗೆ ಅದರ ನೋಟ ಸುಮಾರು 8 ಡಿಗ್ರಿ ಅಗಲ, ಕೊಂಚ ಆಚೀಚೆ ಆದ್ರೂ ನಡೀತಿತ್ತು. ಈಗಿನ 2 ಅಡಿ ಡಿಷ್‌ದು ಮೂರೇ ಡಿಗ್ರಿ. ಮೀಟರ್ ಬೇಕಾಗೋದು ಅದಕ್ಕೇ.

ಅಷ್ಟು ಕಿರಿದಾದ ನೋಟದಿಂದ ಉಪಗ್ರಹ ಜಾರಿಹೋಗದಂತೆ ನೋಡ್ಕೊಳ್ಳೋದು ನಮ್ಮ ಹಾಸನದ ಸಾಲಗಾಮೆ ರಸ್ತೇಲಿರೋ ಇಸ್ರೋ ಕೇಂದ್ರ. 1982ರಿಂದ ಇದೆ. ಇನ್ಸಾಟ್‌ಗಳನ್ನ ಜಾಗದಲ್ಲಿ ನಿಲ್ಲಿಸೋ ಕೆಲಸ ಅಲ್ಲಿ ನಡೀತಿರೋದ್ರಿಂದಲೇ ನಾವು ಒಂದ್ಸಲ ಬೋಲ್ಟ್ ಬಿಗಿದು ವರ್ಷಗಟ್ಟಲೆ ಮರೀಬಹುದು.

2010ರ ಜುಲೈನಲ್ಲಿ 93.5 ಡಿಗ್ರಿಯ ಇನ್ಸಾಟ್-4ಬಿಗೆ ಸೌರಫಲಕದ ತೊಂದರೆ ಬಂತು. ಅರ್ಧದಷ್ಟು ಟ್ರಾನ್ಸ್‌ಪಾಂಡರ್ ಆಫ್ ಮಾಡಬೇಕಾಯ್ತು. ಸನ್ ಡೈರೆಕ್ಟ್ ಪಕ್ಕದ 91.5ರ ಮೀಸ್ಯಾಟ್-3ಕ್ಕೆ ಹೋಯ್ತು. ಎರಡೇ ಡಿಗ್ರಿ ಅಂತರ. ನಾನು ಕೆಟ್ಟಿದ್ದು ಅಲ್ಲೇ.

2011ರಲ್ಲಿ ಅಪ್ಪ ಕಾಲು ಮುರ್ಕೊಂಡು ಮಲಗಿದ್ರು. ಸಂಜೆ ಚಂದನದ ವಾರ್ತೆ ಕೇಳದಿದ್ರೆ ಅವರಿಗೆ ಊಟ ಸೇರ್ತಿರಲಿಲ್ಲ. ಸೂಜಿ ಇರೋ, ಕುಂಯ್‌ಗುಡೋ ಅಗ್ಗದ ಮೀಟರ್ ತಂದು ತಾರಸಿ ಹತ್ತಿದೆ. ಸೂಜಿ ಪೂರ್ತಿ ಬಲಕ್ಕೆ. "ಬಂತೇನಪ್ಪಾ?" "ಇಲ್ಲ ಕಣೋ." ಎರಡು ದಿನ ಇದೇ ಕಥೆ. ಕೊನೆಗೆ ಅಪ್ಪನೇ, "ಸಾಕು ಇಳಿಯೋ, ಮಳೆ ಬರ್ತೈತೆ" ಅಂದ್ರು. ಮೂರನೇ ದಿನ ಪಕ್ಕದೂರಿನ ಹುಡುಗ ಡಿಜಿಟಲ್ ಮೀಟರ್ ತಂದ. ನಾನು ಹಿಡಿದಿದ್ದು 91.5! ಡಿಷ್ ಅಂಚನ್ನ ಹೆಬ್ಬೆರಳಗಲ ಪೂರ್ವಕ್ಕೆ ಸರಿಸಿ, ಸ್ವಲ್ಪ ಬಗ್ಗಿಸಿದ. ಐದು ನಿಮಿಷ.

ಸೂಜಿ ಮೀಟರ್ ಎಲ್‌ಎನ್‌ಬಿಯಿಂದ ಬರೋ ಒಟ್ಟು ಶಕ್ತಿ ಅಳೆಯುತ್ತೆ, ಯಾವ ಉಪಗ್ರಹ ಅಂತ ಹೇಳೋಲ್ಲ. ಡಿಜಿಟಲ್ ಮೀಟರ್‌ಗೆ ಚಾನೆಲ್‌ನ ಫ್ರೀಕ್ವೆನ್ಸಿ, ಸಿಂಬಲ್ ರೇಟ್ ಕೊಟ್ರೆ ಅದು ಸಿಕ್ಕಾಗಲೇ ಲಾಕ್ ಆಗಿ ಕ್ವಾಲಿಟಿ ತೋರಿಸುತ್ತೆ. ತಗೊಳ್ಳೋದಾದ್ರೆ ಡಿವಿಬಿ-ಎಸ್2 ಓದೋದು, ಸ್ವಂತ ಬ್ಯಾಟರಿ ಇರೋದು ತಗೊಳ್ಳಿ. ಆದ್ರೆ ಒಂದೇ ಡಿಷ್‌ಗೆ ಯಾಕ್ರೀ ಅಷ್ಟು ದುಡ್ಡು? ನಾಲ್ಕು ಮನೆಯೋರು ಸೇರಿ ಒಂದು ತನ್ನಿ. ಇಲ್ಲಾಂದ್ರೆ ಟಿವೀನೇ ತಾರಸಿಗೆ ಒಯ್ದು ಬಾಕ್ಸಿನ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್ ಬಿಟ್ಟು ಕ್ವಾಲಿಟಿ ನೋಡಿ.

ಫ್ರೀ ಡಿಷ್ ಈಗ ಅದೇ 93.5ರಲ್ಲಿ, ಜಿಸ್ಯಾಟ್-15ರಿಂದ. ಅರಸೀಕೆರೆಯಿಂದ ಉತ್ತರಕ್ಕೆ 127 ಡಿಗ್ರಿ, ಅಂದ್ರೆ ಆಗ್ನೇಯ. ಎತ್ತರ ಸುಮಾರು 65. ಬೇಲೂರು, ಹಳೇಬೀಡಿಗೆ ಒಂದು ಡಿಗ್ರಿ ಆಚೀಚೆ. ಅಷ್ಟು ಮೇಲೆ ಇರೋದ್ರಿಂದ ಡಿಷ್‌ಗಿಂತ 30 ಅಡಿ ಎತ್ತರದ ತೆಂಗೂ 14 ಅಡಿ ಒಳಗಿದ್ರೆ ಮಾತ್ರ ಅಡ್ಡ. ಗೆಳೆಯರ ಮನೆ ಆಗ್ನೇಯ ಮೂಲೆ ತೆಂಗು ಅಷ್ಟು ಹತ್ತಿರಾನೇ ಇದೆ. ಮೀಟರ್ ಆಮೇಲೆ, ಮೊದಲು ಡಿಷ್‌ನ ತಾರಸಿಯ ಇನ್ನೊಂದು ಮೂಲೆಗೆ ಒಯ್ಯಿರಿ ಅಂದಿದ್ದೀನಿ.