ಕೆಟ್ಟ ಲಾರಿಯನ್ನು ಎಳೆಯುವ ಲಾರಿ

ಶಹಾಬಾದಿನ ಹಾಸುಗಲ್ಲನ್ನು ಮೆಟ್ಟದ ಕನ್ನಡಿಗರು ವಿರಳ. ಆ ಕಲ್ಲು ತಮ್ಮ ಮನೆಯ ಪಡಸಾಲೆಗೆ ಬಂದ ಹಾದಿಯನ್ನು ತಾವು ಎಂದಾದರೂ ನೆನೆದದ್ದುಂಟೆ? ಮುಂಬಯಿಯಿಂದ ಬಂದ ರೈಲು ಹಾದಿ ಶಹಾಬಾದು, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಾದಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ರೈಲು ಓಡಿತು. ಕಲ್ಲು ಊರೂರಿಗೆ ಹೋದದ್ದು ಹೀಗೆ. ಆದರೆ ಗಣಿಯಿಂದ ಸ್ಟೇಷನ್ನಿನವರೆಗೆ ಅದನ್ನು ಹೊತ್ತದ್ದು ಎತ್ತಿನ ಬಂಡಿ, ಆಮೇಲೆ ಲಾರಿ. ಚಿಂಚೋಳಿಯ ಕಡೆಗಂತೂ ರಸ್ತೆಯೇ ಗತಿ.

1932ರಲ್ಲಿ ನಿಜಾಮ ಸಂಸ್ಥಾನದ ರೈಲ್ವೆಯು 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನೂ ಆರಂಭಿಸಿತು. ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆ ಬೆಳೆಯಿತು. 1968ರಲ್ಲಿ ವಾಡಿಯಲ್ಲಿಯೂ ಎ.ಸಿ.ಸಿ. ಕಾರ್ಖಾನೆ ಎದ್ದಿತು. ಹೇರು ಹೆಚ್ಚಿತು, ಲಾರಿಯ ಗಾತ್ರವೂ ಹೆಚ್ಚಿತು. ನೆಲ ಮಾತ್ರ ಬದಲಾಗಲಿಲ್ಲ. ಕಾಗಿಣಾ, ಮುಲ್ಲಾಮಾರಿ ನದಿಗಳ ಈ ಸೀಮೆಯಲ್ಲಿ ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಗಾಲಿಯನ್ನು ನುಂಗುತ್ತದೆ. ಹೇರು ತುಂಬಿದ ಲಾರಿಯೊಂದು ರಸ್ತೆಯ ಅಂಚಿನಿಂದ ಜಾರಿ ಹೂತರೆ ಅದನ್ನು ಎತ್ತುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಟೆನಿಸ್ಸಿ ಪ್ರಾಂತದ ಚಟ್ಟನೂಗಾ ಊರಿನ ಅರ್ನೆಸ್ಟ್ ಹೋಮ್ಸ್ ಎಂಬ ಮೆಕ್ಯಾನಿಕ್ ಪ್ರಸಿದ್ಧ. 1916ರಲ್ಲಿ ಹಳ್ಳಕ್ಕೆ ಉರುಳಿದ ಮೋಟಾರು ಕಾರೊಂದನ್ನು ಹಗ್ಗ, ರಾಟೆ, ಹಲವು ಆಳುಗಳೊಡನೆ ತಾಸುಗಟ್ಟಲೆ ಹೆಣಗಿ ಅವನು ಮೇಲೆತ್ತಿದ. ಆ ದಣಿವಿನಿಂದ ಒಂದು ಯೋಚನೆ ಹುಟ್ಟಿತು. 1913ರ ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂಡಿಸಿದ. ಆದರೆ ಮೊದಲ ಯಂತ್ರ ನೆಟ್ಟಗೆ ನಿಲ್ಲಲಿಲ್ಲ. ಎರಡು ಪಕ್ಕಗಳಿಗೂ ಊರುಗಾಲು ಕೊಟ್ಟ ಮೇಲೆಯೇ ಅದು ಕೆಲಸಕ್ಕೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಡೈಮಂಡ್ ಟಿ ಲಾರಿಯ ಮೇಲೆ ಹೋಮ್ಸ್ ಕಂಪನಿಯ ಜೋಡಿ ತೋಳುಗಳು ಕೂತವು. ಒಂದೊಂದು ತೋಳಿನ ಶಕ್ತಿ 5 ಟನ್. ಒಂದು ತೋಳು ಪಕ್ಕಕ್ಕೆ ತಿರುಗಿ ಎತ್ತುವಾಗ ಇನ್ನೊಂದರ ಹಗ್ಗವನ್ನು ಎದುರು ದಿಕ್ಕಿನ ಮರಕ್ಕೋ ಗೂಟಕ್ಕೋ ಬಿಗಿದು ಲಾರಿ ಮಗುಚದಂತೆ ಹಿಡಿಯಬಹುದಾಗಿತ್ತು.

ಎತ್ತುವುದು ಒಂದು ಕೆಲಸ. ಎತ್ತಿ ಎಳೆದೊಯ್ಯುವುದು ಬೇರೆ ಕೆಲಸ. ನಮ್ಮ ಡ್ರೈವರುಗಳು ‘ಟೋಚನ್’ ಎಂದು ಕರೆಯುವ ಈ ಎರಡನೆಯ ಕೆಲಸದಲ್ಲಿಯೇ ಅಪಾಯ ಹೆಚ್ಚು. ಗಣಿಯವರು ಹಾರೆಯಿಂದ ಚಪ್ಪಡಿಯನ್ನು ಮೀಟುವುದನ್ನು ತಾವು ನೋಡಿರಬಹುದು. ಎಳೆಯುವ ಲಾರಿಯೂ ಅಂಥದೊಂದು ಹಾರೆ. ಹಿಂದಿನ ಅಚ್ಚೇ ಅದಕ್ಕೆ ಆನಿಕೆ. ಕೊಂಡಿಗೆ ಭಾರ ತೂಗಿದರೆ ಮೂತಿ ಮೇಲೇಳಲು ನೋಡುತ್ತದೆ.

ಒಂದು ಲೆಕ್ಕ ನೋಡಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 4 ಮೀಟರು ಅಂತರ. ಕೊಂಡಿ ಹಿಂದಿನ ಅಚ್ಚಿನಿಂದ 2 ಮೀಟರು ಆಚೆಗಿದೆ. ಕೆಟ್ಟ ಲಾರಿಯ ಮುಂಭಾಗ ಎತ್ತಿದಾಗ ಕೊಂಡಿಯ ಮೇಲೆ 2 ಟನ್ ಬಿದ್ದಿತೆನ್ನಿ. ಆಗ ಮುಂದಿನ ಗಾಲಿಗಳಿಂದ 1 ಟನ್ ಭಾರ ಕಳಚುತ್ತದೆ. ಹಿಂದಿನ ಅಚ್ಚಿನ ಮೇಲೆ 3 ಟನ್ ಏರುತ್ತದೆ. ಸ್ಟೇರಿಂಗು ಹಗುರವಾಗಿ ಕೈಗೆ ಹಿತವೆನಿಸಬಹುದು. ಆದರೆ ಆ ಹಿತವೇ ಮೋಸ: ತಿರುವಿನಲ್ಲಿ ಗಾಲಿ ತಿರುಗೀತು, ಲಾರಿ ತಿರುಗದು. ಚಾಸಿಯನ್ನು ಉದ್ದ ಮಾಡಿ ಅಂತರವನ್ನು 5 ಮೀಟರಿಗೆ ಏರಿಸಿ, ಕೊಂಡಿಯನ್ನು ಒಂದೂವರೆ ಮೀಟರಿಗೆ ತಂದರೆ, ಮುಂದೆ ಕಳಚುವ ಭಾರ 600 ಕಿಲೋಗ್ರಾಂಗೆ ಇಳಿಯುತ್ತದೆ. ಎಂಜಿನಿನ ಬಲವನ್ನು ಒಂದಿಷ್ಟೂ ಹೆಚ್ಚಿಸದೆ ಆದ ಲಾಭವಿದು. ಮೂತಿಗೆ ಎದುರುಭಾರ ಕಟ್ಟುವುದು, ಹಿಂದೆ ಇನ್ನೊಂದು ಅಚ್ಚು ಕೂಡಿಸುವುದು, ಇವೂ ಇದೇ ಲೆಕ್ಕದಿಂದ ಬಂದ ಮಾರ್ಪಾಡುಗಳು.

ಸಿಕ್ಕ ಲಾರಿಯನ್ನು ಕೆಸರಿನಿಂದ ಎಳೆಯಲು ರಾಟೆಯ ನೆರವುಂಟು. ಸೇದುವ ಬಾವಿಯ ರಾಟೆ ಎಳೆತದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಅದನ್ನೇ ಹೂತ ಲಾರಿಗೆ ಕಟ್ಟಿ, ವಿಂಚಿನ ಉಕ್ಕಿನ ಹಗ್ಗವನ್ನು ಅದರ ಮೂಲಕ ಹಾಯಿಸಿ, ತುದಿಯನ್ನು ಎಳೆಯುವ ಲಾರಿಗೇ ಮರಳಿ ಬಿಗಿದರೆ, ತಿಕ್ಕಾಟದ ನಷ್ಟ ಬಿಟ್ಟು ಎಳೆತ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ.

ಕಾಲಕ್ರಮದಲ್ಲಿ ಸರಪಳಿಗೆ ತೂಗುಹಾಕುವ ಪದ್ಧತಿ ಹಿಂದಾಗಿ, ಎಣ್ಣೆಯ ಒತ್ತಡದಿಂದ ನಡೆಯುವ ತೋಳು ಬಂದಿತು. ಅದು ಕೆಟ್ಟ ಲಾರಿಯ ಅಡಿಗೆ ಹೊಕ್ಕು ಅಚ್ಚನ್ನೇ ಎತ್ತುತ್ತದೆ. ಹೇರು ಓಲಾಡದು, ಬಂಪರು ಮುರಿಯದು. ಆದರೆ ತೋಳು ಹಿಂದಕ್ಕೆ ಹೆಚ್ಚು ಚಾಚುವುದರಿಂದ ಹಾರೆಯ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಬೇರೆ ಎಚ್ಚರಗಳೂ ಉಂಟು. ಗಾಳಿ ಬ್ರೇಕಿನ ಲಾರಿಯಲ್ಲಿ ಗಾಳಿ ಇಳಿದರೆ ಸ್ಪ್ರಿಂಗು ಬ್ರೇಕನ್ನು ಬಿಗಿಹಿಡಿಯುತ್ತದೆ. ಆದ್ದರಿಂದ ಎಳೆಯುವ ಲಾರಿಯಿಂದ ಕೊಳವೆಯಲ್ಲಿ ಗಾಳಿ ಕೊಡಬೇಕು. ಎಂಜಿನು ನಿಂತಾಗ ಗೇರುಪೆಟ್ಟಿಗೆಗೆ ಎಣ್ಣೆ ಸರಿಯಾಗಿ ಹಾಯದು. ಹಿಂದಿನ ಗಾಲಿಗಳು ನೆಲದ ಮೇಲೆಯೇ ಉರುಳುವುದಾದರೆ ಪ್ರೊಪೆಲರ್ ಶಾಫ್ಟನ್ನು ಮೊದಲು ಬಿಚ್ಚಬೇಕು.

ಹಳೆಯ ಲಾರಿಗೆ ತೋಳು ಬೆಸೆದುಬಿಟ್ಟರೆ ಕೆಲಸ ಮುಗಿಯಿತೆಂದು ಬಗೆಯಲಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂಥ ಮಾರ್ಪಾಡಿಗೆ ಕಟ್ಟುಪಾಡು ಹಾಕಿದೆ. ಇದು ಬರಿಯ ಕಾಗದದ ಮಾತಲ್ಲ. ಸ್ಟೇರಿಂಗು ಹಿಡಿದವನ ಜೀವ, ಪಕ್ಕದಲ್ಲಿ ಕೂತ ಕ್ಲೀನರನ ಜೀವ, ಎದುರಿಗೆ ಬರುವ ಬಸ್ಸಿನವರ ಜೀವ, ಎಲ್ಲವೂ ಆ ಮುಂದಿನ ಎರಡು ಗಾಲಿಗಳ ಹಿಡಿತದಲ್ಲಿವೆ. ಇನ್ನೊಮ್ಮೆ ವಾಡಿ, ಚಿತ್ತಾಪುರಗಳ ನಡುವೆ ಕೆಟ್ಟ ಲಾರಿಯನ್ನು ಎಳೆದೊಯ್ಯುವ ಲಾರಿ ಕಂಡರೆ, ಅದರ ಬೆನ್ನಿನ ಮೇಲಿನ ತೋಳನ್ನಷ್ಟೇ ನೋಡಿ ಬೆರಗಾಗಬೇಡಿ. ಮುಂದಿನ ಗಾಲಿಗಳು ನೆಲವನ್ನು ಊರಿ ಹಿಡಿದಿವೆಯೇ ಎಂಬುದನ್ನೂ ಗಮನಿಸಿ.