ಮಡಿಸುವುದನ್ನು ಬಿಟ್ಟ ಚಾಕು

ಮಡಿಸುವ ಚಾಕುಗಳು ರೋಮನ್ನರ ಕಾಲದಲ್ಲೇ ಬಳಕೆಯಲ್ಲಿದ್ದವಾದರೂ, ಅವನ್ನು ಸಾಮಾನ್ಯನ ಜೇಬಿಗೆ ಎಟಕುವಂತೆ ಮಾಡಿದ ಕಸುಬಿನ ಕೇಂದ್ರಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರವು ಪ್ರಮುಖವಾದದ್ದು. ಅಲ್ಲಿನ ಚಾಕು ತಯಾರಕರ ಸಂಘವು 1624ರಲ್ಲೇ ಕಾನೂನಿನ ಮಾನ್ಯತೆ ಪಡೆದಿತ್ತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ರೂಪಿಸಿದ ಮೇಲೆ, ಅಲಗಿನ ಉದ್ದಕ್ಕೂ ಒಂದೇ ಗುಣವುಳ್ಳ ಲೋಹ ಆ ತಯಾರಕರ ಕೈಗೆ ಬಂದಿತು. ಮೂಸೆಯ ಉಕ್ಕನ್ನು ದಕ್ಷಿಣ ಭಾರತದ ಕಮ್ಮಾರರು ಅದಕ್ಕೂ ಬಹಳ ಹಿಂದೆಯೇ ಬಲ್ಲವರಾಗಿದ್ದರು, ಮತ್ತು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ವಿವರಿಸಿದ 'ವೂಟ್ಸ್' ಎಂಬ ಭಾರತೀಯ ಲೋಹದ ಹೆಸರು ಕನ್ನಡದ 'ಉಕ್ಕು' ಎಂಬ ಪದದಿಂದಲೇ ಹುಟ್ಟಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ.

ಜೇಬುಚಾಕು ಹಣ್ಣು ಕೊಯ್ಯಲು, ಹಗ್ಗ ಕತ್ತರಿಸಲು, ಗರಿಯ ಲೇಖನಿಯನ್ನು ಹರಿತಗೊಳಿಸಲು ತಕ್ಕುದಾಗಿತ್ತೇ ಹೊರತು ಗಂಟೆಗಟ್ಟಲೆ ಮರ ಕೆತ್ತಲು ಹೇಳಿ ಮಾಡಿಸಿದ್ದಲ್ಲ. ಅದರ ಹಿಡಿ ಚಪ್ಪಟೆಯಾದ್ದರಿಂದ ಅಂಗೈ ತುಂಬುವುದಿಲ್ಲ. ಅಲಗನ್ನು ನೆಟ್ಟಗೆ ನಿಲ್ಲಿಸುವುದು ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗಿನ ಒತ್ತಡ ಮಾತ್ರ, ಆದ್ದರಿಂದ ಮೊನೆಗೆ ತಿರುವುಮುರುವಾಗಿ ಬಲ ಬಿದ್ದರೆ ಅಲಗು ಬೆರಳುಗಳ ಮೇಲೆಯೇ ಮಡಚಿಕೊಳ್ಳಬಲ್ಲದು.

ಹಾಗಿದ್ದರೂ ಅಮೆರಿಕದ ಹಳ್ಳಿಗಾಡಿನಲ್ಲಿ ಮರ ಹೆರೆಯುವ ಹವ್ಯಾಸವು ಬೆಳೆದದ್ದು ಈ ಚಾಕುವಿನಿಂದಲೇ. ಉತ್ತರ ಕೆರೊಲಿನಾದ ಬ್ರಾಸ್‌ಟೌನಿನಲ್ಲಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಕುಳಿತವರು ಹರಟೆ ಹೊಡೆಯುತ್ತಾ ಆ ಬೆಂಚನ್ನೇ ಹೆರೆಯುತ್ತಿದ್ದರೆಂದೂ, 1925ರಲ್ಲಿ ಡೆನ್ಮಾರ್ಕಿನ ಜನಪದ ಶಾಲೆಗಳ ಮಾದರಿಯಲ್ಲಿ ಅಲ್ಲೊಂದು ಶಾಲೆ ತೆರೆದ ಆಲಿವ್ ಡೇಮ್ ಕ್ಯಾಂಪ್‌ಬೆಲ್ ಆ ಕೈಗಳಿಗೆ ಪ್ರಾಣಿಗಳ ಪುಟ್ಟ ಪ್ರತಿಮೆಗಳನ್ನು ಮಾಡುವ ಕೆಲಸ ಹಚ್ಚಿದರೆಂದೂ ಅಲ್ಲಿನ ಪರಂಪರೆ ಹೇಳುತ್ತದೆ. ಮುಂದೆ ಬಂದ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಕೆತ್ತನೆಯಿಂದ ಬಂದ ಹಣ ರೈತ ಕುಟುಂಬಗಳಿಗೆ ಆಸರೆಯಾಯಿತು. 1936ರಲ್ಲಿ ಪ್ರಕಟವಾದ ಟ್ಯಾಂಜರ್‌ಮನ್ನರ ಮರಗೆತ್ತನೆಯ ಕೈಪಿಡಿಯಂಥ ಪುಸ್ತಕಗಳು ಈ ಹವ್ಯಾಸವನ್ನು ಪಟ್ಟಣಗಳಿಗೂ ಒಯ್ದವು.

ಸ್ಪ್ರಿಂಗ್ ಸಡಿಲವಾಗಿ, ಹಿಡಿಯ ಮೂಳೆ ಬಿರಿದು ಮೂಲೆ ಸೇರಿದ ಚಾಕುವಿನಲ್ಲಿಯೂ ಅಲಗಿನ ಉಕ್ಕು ಕೆಟ್ಟಿರುವುದಿಲ್ಲವೆಂಬುದನ್ನು ಕೆತ್ತನೆಗಾರರು ಕಂಡುಕೊಂಡದ್ದರಿಂದಲೇ, ಅದಕ್ಕೆ ಮರದ ಹಿಡಿ ತೊಡಿಸುವ ರೂಢಿ ಬಂದಿತು. ರಿವೆಟ್ಟಿನ, ಅಂದರೆ ಎರಡೂ ತುದಿ ಬಡಿದು ಕೂರಿಸಿದ ಮೊಳೆಯ, ತಲೆಯನ್ನು ಅರದಿಂದ ಉಜ್ಜಿ ಅಲಗನ್ನು ಬಿಡಿಸುತ್ತಾರೆ. ವಾಲ್ನಟ್ ಅಥವಾ ಚೆರ್ರಿ ಮರದ ತುಂಡನ್ನು ಸೀಳಿ, ಅಲಗಿನ ಬುಡ ಸರಿಯಾಗಿ ಕೂರುವಷ್ಟೇ ತೋಡಿ, ಅಂಟು ಹಾಕಿ, ಬುಡದ ರಂಧ್ರದ ಮೂಲಕ ಹಿತ್ತಾಳೆಯ ಕಡ್ಡಿ ತೂರಿಸುತ್ತಾರೆ. ಅಲಗು ತಿರುಗಲೆಂದು ಕೊರೆದಿದ್ದ ರಂಧ್ರವೇ ಈಗ ಅದು ಅಲುಗದಂತೆ ಕಚ್ಚಿ ಹಿಡಿಯುತ್ತದೆ. ಅನಂತರ ಹಿಡಿಯನ್ನು ಅಂಗೈಗೆ ತಕ್ಕಂತೆ ಉರುಟಾಗಿ ಹೆರೆದು, ಅಲಗನ್ನು ಒಂದೂವರೆ ಅಂಗುಲದಷ್ಟಕ್ಕೆ ಗಿಡ್ಡಗೊಳಿಸುವುದುಂಟು.

ಸಾಣೆ ಹಿಡಿಯುವಾಗಲೇ ನಿಜವಾದ ಎಚ್ಚರ ಬೇಕು. ಕಾಯಿಸಿ ತಣಿಸಿದ ಉಕ್ಕಿಗೆ ಗಡಸುತನವನ್ನೂ ತಾಳಿಕೆಯನ್ನೂ ಒಟ್ಟಿಗೆ ಕೊಡುವ ಹದವು ಶಾಖಕ್ಕೆ ಸಿಕ್ಕರೆ ಉಳಿಯುವುದಿಲ್ಲ: ಅಲಗಿನ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿದೊಡನೆ ಕೈ ತಡೆಯಬೇಕು, ಸುಮಾರು 290 ಡಿಗ್ರಿ ಸೆಲ್ಸಿಯಸ್ ಮುಟ್ಟಿ ನೀಲಿ ಬಣ್ಣ ಹರಡಿತೆಂದರೆ ಆ ಭಾಗ ಮೆತ್ತಗಾಗಿ ಬಾಯಿ ನಿಲ್ಲುವುದಿಲ್ಲ. ಆದ್ದರಿಂದ ಅನುಭವಿಗಳು ಅಲಗನ್ನು ಬರಿಗೈಯಲ್ಲೇ ಹಿಡಿದು, ಬೆರಳಿಗೆ ಬಿಸಿ ತಟ್ಟಿದೊಡನೆ ನೀರಿನಲ್ಲಿ ಅದ್ದುತ್ತಾರೆ.

1913ರಲ್ಲಿ ಶೆಫೀಲ್ಡಿನಲ್ಲೇ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದ ಮೇಲೆ, ಮುಂದಿನ ದಶಕಗಳಲ್ಲಿ ಜೇಬುಚಾಕುಗಳೂ ಹೆಚ್ಚುಹೆಚ್ಚಾಗಿ ಆ ಹೊಳಪಿಗೆ ಒಲಿದವು. ಸಾಣೆಗೆ ಬೇಗ ಒಲಿದು ಸೂಕ್ಷ್ಮವಾದ ಬಾಯಿ ಕೊಡುವ ಹಳೆಯ ಇಂಗಾಲದ ಉಕ್ಕನ್ನೇ ಬಯಸುವ ಅನೇಕ ಕೆತ್ತನೆಗಾರರು ಮಾತ್ರ ಇಂದಿಗೂ ಹಳೆಯ ಸಾಮಾನಿನ ಸಂತೆಗಳಲ್ಲಿ ಕಪ್ಪಿಟ್ಟ ಅಲಗುಗಳನ್ನು ಹುಡುಕುತ್ತಾರೆ, ಮತ್ತು ತುಕ್ಕನ್ನು ಕೆಲಮಟ್ಟಿಗೆ ತಡೆಯುವ ಆ ಕಪ್ಪನ್ನು ಉಜ್ಜಿ ತೆಗೆಯದೆ, ಬಾಯಿಯನ್ನಷ್ಟೇ ಬೆಳ್ಳಗೆ ಮಸೆದುಕೊಳ್ಳುತ್ತಾರೆ.